ವನ್ಸ್‌ಮೋರ್

ನಮ್ಮ ದೊಡ್ಡವ್ವ ಅತ್ತದ್ದನ್ನು ನಾನು ನೋಡಿದ್ದು ಒಂದೇ ಸಲ. ಮೂರು ಮಕ್ಕಳನ್ನು ಹೆತ್ತು ಮೂವರನ್ನೂ ಮಣ್ಣಿಗೆ ಕೊಟ್ಟವಳು ಆಕೆ. ಮನೆಯಲ್ಲಿ ಯಾರಾದರೂ ಆ ಮಾತು ತೆಗೆದರೆ ಸುಮ್ಮನೆ ಎದ್ದು ಹೋಗಿ ಎಮ್ಮೆಗೆ ಕಣಿಕೆ ಹಾಕುತ್ತಿದ್ದಳು. ಅವಳ ಎದೆ ಕಲ್ಲು ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಆ ದೊಡ್ಡವ್ವ ಅತ್ತದ್ದು 1979ರ ಬೇಸಿಗೆಯಲ್ಲಿ, ಬೇವೂರಿನಲ್ಲಿ, ಊರ ಮಂದಿಯೆಲ್ಲ ಕೂತಿರುವಾಗ, ನಾಟಕದ ಒಂದು ಹಾಡಿಗೆ.

ಜೋಳದ ರಾಶಿ ಮುಗಿದು ಕಣಜ ತುಂಬಿದ ಮೇಲೆ ನಮ್ಮ ಕಡೆಯ ಹಳ್ಳಿಗಳಲ್ಲಿ ನಾಟಕದ ಹಂಗಾಮು. ಊರ ಹುಡುಗರು ಎರಡು ತಿಂಗಳು ಮೊದಲೇ ಪೆಟ್ಟಿಗೆ ಮಾಸ್ತರರನ್ನು ಕರೆತಂದು ಗುಡಿಯ ಕಟ್ಟೆಯ ಮೇಲೆ ತಾಲೀಮು ಹಚ್ಚುತ್ತಿದ್ದರು. ಗಂಡು ಪಾತ್ರಗಳೆಲ್ಲ ಊರಿನವೇ. ಹಗಲು ಹೊಲದಲ್ಲಿ ಕುಂಟೆ ಹೊಡೆಯುವವನು ರಾತ್ರಿ ಭೀಮನಾಗುತ್ತಿದ್ದ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿಯರು. ಅವರು ನಾಟಕದ ದಿನವೇ ಸಂಜೆಯ ಬಸ್ಸಿಗೆ ಒಂದು ಟ್ರಂಕು ಹಿಡಿದುಕೊಂಡು ಇಳಿಯುತ್ತಿದ್ದರು. ತಮ್ಮ ಗಂಡನಾಗುವ ಧರ್ಮರಾಯ ಯಾರೆಂದು ಅವರಿಗೆ ಗೊತ್ತಾಗುತ್ತಿದ್ದುದು ಬಣ್ಣ ಹಚ್ಚಿಕೊಳ್ಳುವಾಗ! ಹೆಸರಾದ ನಾಟಕಗಳ ಮಾತು, ಹಾಡು ಎಲ್ಲ ಅವರಿಗೆ ಬಾಯಿಪಾಠ. ಎರಡು ತಿಂಗಳು ತಾಲೀಮು ಮಾಡಿದ ನಮ್ಮ ಹುಡುಗರು ತಡವರಿಸಿದರೆ, ಆ ಸಂಜೆ ಬಂದ ಹೆಣ್ಣುಮಗಳೇ ಮೆಲ್ಲಗೆ ಮಾತು ಎತ್ತಿಕೊಡುತ್ತಿದ್ದಳು.

ಆ ವರ್ಷದ ನಾಟಕ ‘ರಕ್ತರಾತ್ರಿ’. ಬರೆದವರು ಕಂದಗಲ್ಲ ಹನುಮಂತರಾಯರು. ಕಂದಗಲ್ಲ ನಮಗೆ ದೂರದ ಊರೇನಲ್ಲ, ಅದೇ ಹುನಗುಂದ-ಇಳಕಲ್ಲ ಸೀಮೆ. 1896ರಲ್ಲಿ ಹುಟ್ಟಿ 1966ರಲ್ಲಿ ತೀರಿಕೊಂಡ ಅವರನ್ನು ಕರ್ನಾಟಕದ ಶೇಕ್ಸ್‌ಪಿಯರ್ ಎಂದು ಕರೆದರು. ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರು. ‘ಅಕ್ಷಯಾಂಬರ’, ‘ಕುರುಕ್ಷೇತ್ರ’, ‘ಚಿತ್ರಾಂಗದಾ’ ಹೀಗೆ ಮಹಾಭಾರತವನ್ನು ನಮ್ಮ ಮಂದಿಗೆ ರಾತ್ರಿಯಿಡೀ ಹೇಳಿದವರು ಅವರು. ನಮ್ಮೂರ ಅಕ್ಷರ ಬಾರದ ಹೆಂಗಸರಿಗೆ ಅಶ್ವತ್ಥಾಮ ಗೊತ್ತಿದ್ದುದು ವ್ಯಾಸರಿಂದಲ್ಲ, ಈ ನಾಟಕದಿಂದ. ಯುದ್ಧ ಮುಗಿದ ರಾತ್ರಿ, ಪಾಂಡವರ ಪಾಳೆಯಕ್ಕೆ ನುಗ್ಗಿ, ಮಲಗಿದ್ದ ದ್ರೌಪದಿಯ ಐದು ಮಕ್ಕಳನ್ನು ಅವನು ಕೊಲ್ಲುವ ಕಥೆ.

ಹಾಡಿನ ನಾಟಕದ ವಿಷಯ ಬಂದರೆ ನಮ್ಮ ಸೀಮೆಗೆ ಸ್ವಲ್ಪ ಹೆಮ್ಮೆ ಇರಬೇಕಾದದ್ದೇ. ಗದಗಿನಲ್ಲಿ ಶಾಂತಕವಿಗಳು 1874ರಲ್ಲೇ ಕೃತಪುರ ನಾಟಕ ಮಂಡಳಿ ಕಟ್ಟಿದರು. ಮರಾಠಿ ಸಂಗೀತ ನಾಟಕದ ಮೂಲಪುರುಷ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ. ಅವರ ‘ಸಂಗೀತ ಶಾಕುಂತಲ’ 1880ರಲ್ಲಿ ಪುಣೆಯ ರಂಗದ ಮೇಲೆ ಬಂತು. ಮುಂದೆ ಎರಡೂ ಭಾಷೆಯ ಕಂಪನಿಗಳು ಹುಬ್ಬಳ್ಳಿ, ಬೆಳಗಾವಿ, ವಿಜಯಪುರಗಳಲ್ಲಿ ಒಂದರ ಹಾಡು ಒಂದು ಕೇಳಿ ಬೆಳೆದವು. ಮೈಕು ಇಲ್ಲದ ಕಾಲ. ಕಟ್ಟಕಡೆಯಲ್ಲಿ ನೆಲದ ಮೇಲೆ ಕೂತವನಿಗೂ ಕೇಳಬೇಕೆಂದರೆ ಏರು ದನಿಯಲ್ಲೇ ಹಾಡಬೇಕು, ಒಂದೊಂದು ಮಾತೂ ಬಿಡಿಬಿಡಿಯಾಗಿ ತಲುಪಬೇಕು. ಕಂಪನಿ ಹಾಡಿನ ಆ ಎದೆ ಸೀಳುವ ಗತ್ತು ಹುಟ್ಟಿದ್ದು ಹೀಗೆ.

ಆ ಹಾಡುಗಳನ್ನು ಮೊದಮೊದಲು ಹಾಡಿದವರು ಗಂಡಸರು. ಸೀರೆ ಉಟ್ಟ ಗಂಡಸರು. ಸವದತ್ತಿ ತಾಲೂಕಿನವರೇ ಆದ ಏಣಗಿ ಬಾಳಪ್ಪನವರು ನೂರು ವರ್ಷ ದಾಟಿ ಬಾಳಿ 2017ರಲ್ಲಿ ತೀರಿಕೊಂಡರು. ‘ಜಗಜ್ಯೋತಿ ಬಸವೇಶ್ವರ’ದ ಬಸವಣ್ಣನಾಗಿ ಮನೆಮಾತಾದ ಅವರೂ ಚಿಕ್ಕಂದಿನಲ್ಲಿ ಹೆಣ್ಣು ಪಾತ್ರ ಮಾಡಿದವರೇ. ಅತ್ತ ಮರಾಠಿಯಲ್ಲಿ ಬಾಲಗಂಧರ್ವರು. ಅವರು ಉಟ್ಟ ಸೀರೆ ನೋಡಿ ಪುಣೆ ಮುಂಬಯಿಯ ಗರತಿಯರು ಸೀರೆ ಉಡಲು ಕಲಿತರಂತೆ. ಗಂಡಸನ್ನು ನೋಡಿ ಹೆಂಗಸರು ಹೆಣ್ತನ ಕಲಿತದ್ದು ನನಗೆ ಇವತ್ತಿಗೂ ಸೋಜಿಗ.

ಬಾಲಗಂಧರ್ವರ ಬಗ್ಗೆ ಎಲ್ಲರೂ ಹೇಳುವ ಒಂದು ಪ್ರಸಂಗವಿದೆ. 1911ರ ಮಾರ್ಚ್ 12, ಮುಂಬಯಿಯಲ್ಲಿ ಖಾಡಿಲ್ಕರರ ‘ಮಾನಾಪಮಾನ’ದ ಮೊದಲ ಪ್ರಯೋಗ. ಅದೇ ದಿನ ಅವರ ಹೆಣ್ಣುಕೂಸು ತೀರಿಕೊಂಡಿತು. ಆಟ ನಿಲ್ಲಿಸೋಣವೆಂದರೂ ಅವರು ಒಪ್ಪಲಿಲ್ಲ. ಬಣ್ಣ ಹಚ್ಚಿ ಭಾಮಿನಿಯಾಗಿ ಬಂದು ಹಾಡಿದರು. ಮರಾಠಿ ರಂಗಭೂಮಿಯ ಚರಿತ್ರೆ ಇದನ್ನು ಮರೆತಿಲ್ಲ. ನಾನೂ ಓದುವಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನೆನಪಾದದ್ದು ಮಾತ್ರ ಬಾಲಗಂಧರ್ವರಲ್ಲ, ಬೇವೂರಿನ ಆ ದ್ರೌಪದಿ.

ಹೆಂಗಸರೇ ರಂಗಕ್ಕೆ ಬಂದ ಮೇಲೆ ಗಂಡಸರಿಗೆ ಸಿಕ್ಕ ಮಾನ ಅವರಿಗೆ ಸಿಗಲಿಲ್ಲ. ನಮ್ಮ ಬೀಳಗಿಯ ಅಕ್ಕತಂಗಿಯರನ್ನೇ ನೋಡಿ. ಗೋಹರಬಾಯಿ ಮತ್ತು ಅಮೀರಬಾಯಿ. ಗೋಹರಬಾಯಿ ಬಾಲಗಂಧರ್ವರ ಕಂಪನಿ ಸೇರಿ ಅವರದೇ ಧಾಟಿಯಲ್ಲಿ ಹಾಡಿ ಸೈ ಎನಿಸಿಕೊಂಡರು. ಅಮೀರಬಾಯಿ ಹಿಂದಿ ಸಿನಿಮಾದಲ್ಲಿ ಹಾಡಿದರು. 1943ರ ‘ಕಿಸ್ಮತ್’ ಕಲ್ಕತ್ತೆಯ ಒಂದೇ ಟಾಕೀಜಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು, ದೇಶವೆಲ್ಲ ಅವರ ದನಿ ಕೇಳಿತು. ಅವರು 1965ರಲ್ಲಿ ತೀರಿಕೊಂಡಾಗ ಮಣ್ಣು ಮಾಡಿದ್ದು ವಿಜಯಪುರದಲ್ಲಿ. ಇಷ್ಟಾದರೂ ನಾನು ಶಾಲೆ ಕಲಿಯುವಾಗ ಬೀಳಗಿಗೆ ಇಂಥ ಇಬ್ಬರು ಇದ್ದರೆಂದು ನಮಗೆ ಯಾರೂ ಹೇಳಲಿಲ್ಲ. ರಹಮತ್ ತರೀಕೆರೆಯವರು ಅಮೀರಬಾಯಿಯ ಮೇಲೆ ಪುಸ್ತಕ ಬರೆದ ಮೇಲೆಯೇ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಾದದ್ದು. ದಕ್ಷಿಣದಲ್ಲಿ ಆರ್. ನಾಗರತ್ನಮ್ಮನವರು 1958ರಲ್ಲಿ ಬರೀ ಹೆಂಗಸರದೇ ಮಂಡಳಿ ಕಟ್ಟಿ, ತಾವೇ ಕಂಸನಾಗಿ ಮೀಸೆ ತಿರುವಿದ್ದರು. ಹಳೆಯ ಲೆಕ್ಕ ಚುಕ್ತಾ ಮಾಡಿದಂತೆ!

ಬೇವೂರಿನ ಆ ರಾತ್ರಿಗೆ ಬರುತ್ತೇನೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಒಂದು ಹಗ್ಗ. ದೊಡ್ಡವ್ವ ನಾಟಕಕ್ಕೆ ಬರುವವಳೇ ಅಲ್ಲ. ಐದನೇ ಇಯತ್ತೆಯ ನನ್ನನ್ನು ಒಬ್ಬಳನ್ನೇ ಕಳಿಸುವುದು ಹೇಗೆಂದು ಬಂದಿದ್ದಳು. ಸರಿರಾತ್ರಿ ದಾಟಿದ ಮೇಲೆ ಆ ದೃಶ್ಯ ಬಂತು. ಐದು ಮಕ್ಕಳೆಂದು ಐದು ದಿಂಬುಗಳಿಗೆ ಬಿಳಿ ಪಂಚೆ ಹೊದಿಸಿ ಇಟ್ಟಿದ್ದರು. ಹಿಂದೆ ಕೂತ ಹುಡುಗರು ಅದನ್ನು ನೋಡಿ ಕಿಸಕ್ಕನೆ ನಕ್ಕದ್ದೂ ಹೌದು. ದ್ರೌಪದಿ ಬಂದಳು, ದಿಂಬುಗಳ ಹತ್ತಿರ ಕೂತಳು. ಪೆಟ್ಟಿಗೆಯ ಮಾಸ್ತರರು ಭೈರವಿಯ ಸ್ವರ ಹಿಡಿದು ಕಾದರು. ಆಕೆ ಕೂಡಲೇ ಹಾಡಲಿಲ್ಲ. ಒಂದೊಂದೇ ಪಂಚೆಯನ್ನು ಸರಿಸಿ, ಮಗುವಿನ ಹಣೆ ಮುಟ್ಟುವಂತೆ ದಿಂಬನ್ನು ಮುಟ್ಟಿ ನೋಡಿದಳು. ಬಿಸಿ ಇದೆಯೋ ಇಲ್ಲವೋ ಎಂದು ಅಂಗೈ ಹಿಂದೆ ಮುಂದೆ ಮಾಡಿ ಮುಟ್ಟಿದಳು. ಐದನೆಯದಕ್ಕೆ ಬರುವ ಹೊತ್ತಿಗೆ ನಗುತ್ತಿದ್ದವರು ನಿಂತಿದ್ದರು. ಆಮೇಲೆ ದನಿ ತೆಗೆದಳು.

ಆ ಹಾಡಿನ ಮಾತು ನನಗೆ ನೆನಪಿಲ್ಲ. ನಟಿಯರು ತಮ್ಮ ಭಂಡಾರದ ಹಾಡು ತಂದು ನಾಟಕಕ್ಕೆ ಸೇರಿಸುವ ರೂಢಿ ಆಗಲೂ ಇತ್ತು, ಅದು ಅಂಥದೇ ಹಾಡಿರಬಹುದು. ನೆನಪಿರುವುದು ದನಿ. ಮೇಲೆ ಏರಿ ಅಲ್ಲಿಯೇ ಒಡೆದು, ಒಡೆದಲ್ಲಿಂದಲೇ ಮತ್ತೆ ಕೂಡಿಕೊಳ್ಳುವ ದನಿ. ಪಕ್ಕದಲ್ಲಿ ಏನೋ ಅಲುಗಿದಂತಾಗಿ ನೋಡಿದರೆ ದೊಡ್ಡವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಭುಜ ಕುಲುಕುತ್ತಿತ್ತು. ಅವಳೊಬ್ಬಳೇ ಅಲ್ಲ, ಹಗ್ಗದ ಈಚೆ ಕೂತ ಹೆಂಗಸರೆಲ್ಲ ಅಳುತ್ತಿದ್ದರು. ಮನೆಯಲ್ಲಿ ಅತ್ತೆ, ಮಾವ, ಗಂಡ, ಹೊಲ, ದನ ಇವುಗಳ ನಡುವೆ ಅಳುವುದಕ್ಕೆ ಪುರಸೊತ್ತು ಸಿಗದವರು.

ಹಾಡು ಮುಗಿಯಿತು. ಗಂಡಸರ ಕಡೆಯಿಂದ ‘ವನ್ಸ್‌ಮೋರ್’ ಎಂದು ಕೂಗು ಎದ್ದಿತು. ದ್ರೌಪದಿ ಎದ್ದು ನಿಂತವಳು ಪರದೆಯ ಕಡೆ ಒಮ್ಮೆ ನೋಡಿದಳು. ಆಗ ದೊಡ್ಡವ್ವ ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿ ನೋಟು ತೆಗೆದು ನನ್ನ ಕೈಗಿಟ್ಟಳು. ‘ಕೊಟ್ಟು ಬಾ ತಂಗಿ, ಇನ್ನೊಂದು ಸಲ ಹಾಡು ಅನ್ನು’ ಎಂದಳು. ನಾನು ಓಡಿ ಹೋಗಿ ಕೊಟ್ಟೆ. ಮೈಕಿನಲ್ಲಿ ‘ಬೇವೂರಿನ ಒಬ್ಬ ತಾಯಿಯವರಿಂದ ಎರಡು ರೂಪಾಯಿ ಆಯೇರಿ’ ಎಂದು ಸಾರಿದರು. ದ್ರೌಪದಿ ಮತ್ತೆ ಕೂತಳು, ಮತ್ತೆ ಐದು ಹಣೆ ಮುಟ್ಟಿದಳು, ಮತ್ತೆ ಹಾಡಿದಳು.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಕಟ್ಟೆಯ ಮುಂದೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಮುಖದ ಅಂಚಿನಲ್ಲಿ ಬಣ್ಣ ಇನ್ನೂ ಉಳಿದಿತ್ತು, ಬಗಲಲ್ಲಿ ವರ್ಷ ತುಂಬಿರದ ಕೂಸು. ಬಸ್ಸಿಗೆ ಇನ್ನೂ ಹೊತ್ತಿದೆ, ಕೂಸಿಗೆ ಬಿಸಿನೀರು ಬೇಕು ಎಂದಳು. ದೊಡ್ಡವ್ವ ತಂಬಿಗೆ ತಂದಳು. ತಂದು ಹೊಸ್ತಿಲ ಒಳಗೇ ನಿಂತು, ಆಕೆಯ ಬಟ್ಟಲಿಗೆ ತಾಗದ ಹಾಗೆ ಮೇಲಿನಿಂದ ಸುರಿದಳು. ಹಿಂದಿನ ರಾತ್ರಿ ಯಾರಿಗಾಗಿ ಅತ್ತಿದ್ದಳೋ ಅವಳಿಗೇ. ನಾಟಕದವರನ್ನು ಒಳಗೆ ಕರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ, ಅಷ್ಟೇ. ಅದನ್ನು ಯಾರೂ ಯೋಚಿಸಿದವರಲ್ಲ.

‘ಕೂಸು ಯಾಕ ಅಳತೈತಿ?’ ಎಂದು ದೊಡ್ಡವ್ವ ಕೇಳಿದಳು.

‘ಮೈ ಸುಡತೈತ್ರಿ ಅವ್ವಾರ. ನಿನ್ನಿ ಸಂಜಿಂದ.’

‘ನಿನ್ನಿ ಸಂಜಿಂದ? ನೀ ಹಾಡೂಮುಂದ ಎಲ್ಲಿತ್ತು?’

‘ಪರದೆ ಹಿಂದ, ಟ್ರಂಕಿನ ಮ್ಯಾಲ ಹಾಕಿದ್ನಿರಿ.’

‘ಮತ್ತ ಎರಡ ಸಲ ಹಾಡಿದೆಲ್ಲ?’

ಆಕೆ ಸಣ್ಣಗೆ ನಕ್ಕಳು. ‘ಆಯೇರಿ ಬಂದಿತ್ತಲ್ಲರಿ. ಒಲ್ಲೆ ಅಂದ್ರ ಮುಂದಿನ ಸಲ ಯಾರು ಕರೀತಾರ?’

ದೊಡ್ಡವ್ವನ ಕೈಯ ತಂಬಿಗೆ ಹಾಗೇ ನಿಂತಿತು. ಆಮೇಲೆ ಹೊಸ್ತಿಲು ದಾಟಿ ಬಂದಳು. ಕೂಸನ್ನು ಆಕೆಯ ಬಗಲಿಂದ ತೆಗೆದುಕೊಂಡು ಒಳಗೆ ನಡೆದಳು. ತಾಯಿ ಹೊರಗೇ ನಿಂತಿದ್ದನ್ನು ನೋಡಿ ‘ಬಾರವ್ವ ಒಳಗ’ ಎಂದು ಗದರಿದಳು. ಅರಿವೆ ತೋಯಿಸಿ ಹಣೆಗೆ ಹಾಕಿದಳು. ಬಸ್ಸು ಬರುವವರೆಗೂ ಕೂಸು ಅವಳ ತೊಡೆಯ ಮೇಲೆಯೇ ಇತ್ತು. ಅಜ್ಜಿ ಪಡಸಾಲೆಯಿಂದ ಏನೋ ಗೊಣಗಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಡುವಾಗ ರೊಟ್ಟಿ, ಹಿಂಡಿ ಕಟ್ಟಿಕೊಟ್ಟು, ‘ಬಾಗಲಕೋಟ್ಯಾಗ ಇಳದ ಕೂಡಲೆ ದವಾಖಾನಿಗೆ ಹೋಗು’ ಎಂದು ಮೂರು ಸಲ ಹೇಳಿದಳು. ಆ ಕೂಸು ಏನಾಯಿತೆಂದು ನಮಗೆ ಗೊತ್ತಾಗಲಿಲ್ಲ.

ಈಚೆಗೆ ನನ್ನ ತಂಗಿಯ ಮಗಳು ಫೋನಿನಲ್ಲಿ ಒಂದು ಇಂಗ್ಲಿಷ್ ಹಾಡು ತೋರಿಸಿದಳು. ‘ಲೆ ಮಿಸರಾಬ್ಲ್’ ಎಂಬ ಸಂಗೀತ ನಾಟಕದ್ದು. ವಿಕ್ಟರ್ ಹ್ಯೂಗೋನ ಕಾದಂಬರಿಯ ಕಥೆ, ಅಮೆರಿಕದ ಬ್ರಾಡ್‌ವೇ ರಂಗಮಂದಿರಕ್ಕೆ ಬಂದದ್ದು 1987ರ ಮಾರ್ಚ್ 12ಕ್ಕೆ. ಗಂಡು ಕೈಬಿಟ್ಟ ಹೆಣ್ಣು, ದೂರದಲ್ಲಿಟ್ಟ ಮಗಳಿಗಾಗಿ ದುಡಿದು, ಆ ದುಡಿಮೆಯೂ ಹೋದ ಮೇಲೆ ಒಬ್ಬಳೇ ನಿಂತು ಹಾಡುತ್ತಾಳೆ. ಮೊದಲು ಮಾತಾಡುವಂತೆ, ಆಮೇಲೆ ಏರುತ್ತ ಏರುತ್ತ, ತುದಿಯಲ್ಲಿ ಒಡೆದು. ‘ಹೆಂಗೈತಿ ದೊಡ್ಡಮ್ಮ?’ ಎಂದಳು ಹುಡುಗಿ. ನಮ್ಮ ಕಂಪನಿ ಹಾಡಿನ ಹಾಗೇ ಇದೆ ಎಂದೆ. ಅವಳು ನಕ್ಕಳು. ಬಳ್ಳಾರಿಯ ಸುಭದ್ರಮ್ಮ ಮನ್ಸೂರರ ರಂಗಗೀತೆ ಹಾಕಿ ಕೇಳಿಸಿದೆ. 2020ರಲ್ಲಿ ತೀರಿಕೊಂಡ ಆ ತಾಯಿಯ ದನಿ ಕೇಳಿದ ಮೇಲೆ ನಗು ನಿಲ್ಲಿಸಿ ‘ಇನ್ನೊಂದ್ಸಲ ಹಾಕ’ ಎಂದಳು.

ಅದಾದ ಮೇಲೆ ದೊಡ್ಡವ್ವ ಪ್ರತಿವರ್ಷ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗತೊಡಗಿದಳು. ತೇರು ಎಳೆದ ಮೇಲೆ ತಿಂಗಳುಗಟ್ಟಲೆ ನಾಟಕ ಕಂಪನಿಗಳು ಅಲ್ಲಿ ಬೀಡುಬಿಟ್ಟಿರುತ್ತವೆ. ಅವಳು ನಾಟಕಕ್ಕೆ ಟಿಕೀಟು ತೆಗೆಸುತ್ತಿರಲಿಲ್ಲ. ಒಂದೊಂದು ಡೇರೆಯ ಮುಂದೆಯೂ ನಿಂತು, ಬೋರ್ಡಿನ ಮೇಲಿನ ನಟಿಯರ ಚಿತ್ರಗಳನ್ನು ಹತ್ತಿರ ಹೋಗಿ ನೋಡುತ್ತಿದ್ದಳು. ಓದು ಬಾರದ್ದರಿಂದ ಹೆಸರುಗಳನ್ನು ನನ್ನ ಕೈಯಲ್ಲಿ ಓದಿಸುತ್ತಿದ್ದಳು. ನಾನು ಒಂದೊಂದಾಗಿ ಓದುತ್ತಿದ್ದೆ.

‘ಆಕಿ ಹೆಸರೇನಿತ್ತ ತಂಗಿ?’ ಎಂದು ಒಂದು ವರ್ಷ ಕೇಳಿದಳು.

ಬೇವೂರಿನ ಹ್ಯಾಂಡ್‌ಬಿಲ್ಲಿನಲ್ಲಿ ಭೀಮನ ಹೆಸರಿತ್ತು, ಅಶ್ವತ್ಥಾಮನ ಹೆಸರಿತ್ತು, ಪೆಟ್ಟಿಗೆ ಮಾಸ್ತರರದೂ ಇತ್ತು. ದ್ರೌಪದಿಯ ಮುಂದೆ ‘ಸುಪ್ರಸಿದ್ಧ ನಟಿಯರಿಂದ’ ಎಂದಷ್ಟೇ ಇತ್ತು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಷ್ಟು ಹೊತ್ತೂ ನಮ್ಮ ಮನೆಯಲ್ಲಿ ಯಾರೂ ಆಕೆಯನ್ನು ಹೆಸರು ಕೇಳಿರಲಿಲ್ಲ.