ಉಸ್ಮಾನಿಯ ಸಿಕ್ಕಾ ನೋಟುಗಳು: ಸಂಗ್ರಹಯೋಗ್ಯತೆಯ ವಿಚಾರ

ಚಲಾವಣೆ ತಪ್ಪಿದ ನೋಟು ಸಂಗ್ರಹಕ್ಕೆ ಯೋಗ್ಯವೆ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳುಂಟು. ಹಣವೆಂದು ಎಣಿಸಿದರೆ ಅದು ಬರಿಯ ಕಾಗದ. ಕರಗಿಸಿ ಮಾರಲು ನಾಣ್ಯದಂತೆ ಅದರಲ್ಲಿ ಲೋಹವೂ ಇಲ್ಲ. ದಾಖಲೆಯೆಂದು ಎಣಿಸಿದರೆ ಶಾಸನಕ್ಕೆ ಸಲ್ಲುವ ಗೌರವ ಅದಕ್ಕೂ ಸಲ್ಲಬೇಕು. ಹೈದರಾಬಾದು ಸಂಸ್ಥಾನದ ನೋಟುಗಳು ಈ ಎರಡನೆಯ ಪಕ್ಷಕ್ಕೆ ಉತ್ತಮ ನಿದರ್ಶನ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯ ಅಭಾವ ತಲೆದೋರಲು, ೧೯೧೮ರ ಹೈದರಾಬಾದು ಕರೆನ್ಸಿ ಕಾಯಿದೆಯ ಮೇರೆಗೆ ೧೦ ಮತ್ತು ೧೦೦ ರೂಪಾಯಿಗಳ ನೋಟುಗಳು ಹೊರಟವು. ೧೯೧೯ರಲ್ಲಿ ೧ ಮತ್ತು ೫ ರೂಪಾಯಿಗಳ, ೧೯೨೬ರಲ್ಲಿ ೧,೦೦೦ ರೂಪಾಯಿಗಳ ನೋಟುಗಳು ಬಂದವು. ಮೊದಲು ಇವು ಇಂಗ್ಲೆಂಡಿನ ವಾಟರ್‌ಲೋ ಕಂಪನಿಯಲ್ಲಿ ಅಚ್ಚಾಗುತ್ತಿದ್ದುವು. ನಾಸಿಕದ ಮುದ್ರಣಾಲಯ ಸ್ಥಾಪಿತವಾದ ಮೇಲೆ ಅಲ್ಲಿ ಅಚ್ಚಾದವು. ೭ ಸಿಕ್ಕಾ ರೂಪಾಯಿಗಳಿಗೆ ೬ ಬ್ರಿಟಿಷ್ ರೂಪಾಯಿಗಳು ಸಮ. ಎಂದರೆ, ಸೊಲ್ಲಾಪುರದಲ್ಲಿ ೧೦೦ ರೂಪಾಯಿಗಳ ಸರಕು ಕೊಳ್ಳುವ ಕಲಬುರ್ಗಿಯ ವರ್ತಕನು ೧೧೬ ರೂಪಾಯಿ ೧೦ ಆಣೆ ೮ ಪೈ ಲೆಕ್ಕ ಹಾಕಬೇಕಾಗಿತ್ತು.

ಕನ್ನಡಿಗರಿಗೆ ಇವುಗಳಲ್ಲಿ ವಿಶೇಷ ಆಸಕ್ತಿಯಿರಲು ಮತ್ತೊಂದು ಕಾರಣವಿದೆ. ನೋಟಿನ ಪ್ರಧಾನ ಬರಹ ಉರ್ದುವಿನಲ್ಲಿದ್ದರೂ, ಅದರ ಮೌಲ್ಯವನ್ನು ಇಂಗ್ಲಿಷ್, ತೆಲುಗು, ಮರಾಠಿಗಳ ಜೊತೆಗೆ ಕನ್ನಡದಲ್ಲಿಯೂ ಮುದ್ರಿಸಲಾಗಿತ್ತು. ಉರ್ದುವಿನಲ್ಲಿಯೇ ಆಡಳಿತ ನಡೆಸಿದ ಸರ್ಕಾರವು ಸಂತೆಯ ಬಾಗಿಲಿನಲ್ಲಿ ಪ್ರಜೆಯ ನುಡಿಗೆ ಮಣಿಯಬೇಕಾಯಿತು. ಬೀದರ, ಕಲಬುರ್ಗಿ, ರಾಯಚೂರುಗಳ ಕನ್ನಡದ ಇರವಿಗೆ ಆ ಸರ್ಕಾರವೇ ಬರೆದುಕೊಟ್ಟ ಸಾಕ್ಷ್ಯವಿದು.

ಸಹಿಗಳೂ ಚರಿತ್ರೆಯನ್ನು ಹೇಳುತ್ತವೆ. ಇಲ್ಲಿ ಸಹಿ ಹಾಕಿದ ಗುಲಾಂ ಮಹಮ್ಮದರು ೧೯೫೧ರಲ್ಲಿ ಪಾಕಿಸ್ತಾನದ ಗವರ್ನರ್ ಜನರಲ್ ಆದರು. ಕೆಲವು ನೋಟುಗಳು ಸಂಸ್ಥಾನವನ್ನು ಮುಟ್ಟಲೇ ಇಲ್ಲ. ೧೯೨೨ರ ಮೇ ೨೦ರಂದು ಫ್ರಾನ್ಸಿನ ಕರಾವಳಿಯ ಬಳಿ ಮಂಜಿನಲ್ಲಿ ಮತ್ತೊಂದು ಹಡಗಿಗೆ ತಾಗಿ ಮುಳುಗಿದ 'ಈಜಿಪ್ಟ್' ಹಡಗಿನಲ್ಲಿ ಚಿನ್ನದೊಡನೆ ಈ ನೋಟುಗಳೂ ಇದ್ದುವು. ಹತ್ತು ವರ್ಷಗಳ ತರುವಾಯ ಇಟಲಿಯವರು ಅವನ್ನು ಮೇಲೆತ್ತಿದರು. ಅವುಗಳ ನೀರ ಕಲೆಯೇ ಈಗ ಬೆಲೆಗೆ ಕಾರಣ.

ಆದರೂ ಹಳೆಯದೆಲ್ಲ ಅಮೂಲ್ಯವಲ್ಲ. ಬೆಲೆಯನ್ನು ನಿರ್ಧರಿಸುವುದು ವಯಸ್ಸಲ್ಲ. ವಿರಳತೆ, ಸಹಿ, ಕಾಗದದ ಸ್ಥಿತಿ. ಹರಕಿಗೆ ಅಂಟುಪಟ್ಟಿ ಹಚ್ಚುವುದು, ತೊಳೆದು ಇಸ್ತ್ರಿ ಮಾಡುವುದು, ಪ್ಲಾಸ್ಟಿಕ್ ಹೊದಿಕೆಯಲ್ಲಿ ಬೆಸೆಯುವುದು, ಇವು ನೋಟನ್ನು ಕೆಡಿಸುವ ಮಾರ್ಗಗಳು. ಕಾನೂನೂ ಈ ಹವ್ಯಾಸವನ್ನು ಮನ್ನಿಸಿದೆ: ೨೦೧೬ರಲ್ಲಿ ರದ್ದಾದ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ೨೦೧೭ರ ಅಧಿನಿಯಮದಂತೆ ಅಪರಾಧವಾದರೂ, ಅಧ್ಯಯನ, ಸಂಶೋಧನೆ, ನಾಣ್ಯಶಾಸ್ತ್ರಗಳಿಗಾಗಿ ಇಪ್ಪತ್ತೈದರವರೆಗೆ ಅವಕಾಶವಿದೆ.

ಸಿಕ್ಕಾ ನಾಣ್ಯಪದ್ಧತಿ ೧೯೫೯ರಲ್ಲಿ ಅಮಾನ್ಯವಾಯಿತು. ಲಾಭದ ಆಸೆಯಿಂದ ಕೂಡಿಡುವವನಿಗೆ ನಿರಾಶೆ ಕಾದಿರಬಹುದು. ಆದರೆ ಹಿರಿಯರ ಪೆಟ್ಟಿಗೆಯಲ್ಲಿ ಉಳಿದ ಒಂದೇ ನೋಟನ್ನು, ಅದು ಯಾವ ಊರಿನಲ್ಲಿ, ಯಾರ ಕೈಯಲ್ಲಿತ್ತೆಂಬ ಟಿಪ್ಪಣಿಯೊಡನೆ ಕಾಪಾಡಿದವನು ನಾಡಿನ ಚರಿತ್ರೆಗೆ ಒಂದು ಪುಟವನ್ನು ಉಳಿಸಿಕೊಟ್ಟಂತಾಗುತ್ತದೆ.