ಮಷಿನ್ ತಂದಿಟ್ಟರೆ ಜಿಮ್ ಆಗಲ್ಲ: ಕಲ್ಯಾಣದ ನಾಡಿಗೆ ಬೇಕಿರುವುದು ಹೊಸ ತಾಲೀಮು

‘ಟೈಮ್ ಎಲ್ಲಿ ಸಿಗ್ತದ್ರಿ?’

ಬಸವಕಲ್ಯಾಣದ ಅಂಗಡಿ ಗಲ್ಲೆಯ ಮೇಲೆ ಕೂತವರು, ಹುಮನಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮುಗಿಸಿ ಬರುವವರು, ಕೆಎಎಸ್‌ಗೆ ಓದುತ್ತಿರುವವರು, ಯಾರ ಹತ್ತಿರ ವ್ಯಾಯಾಮದ ಮಾತೆತ್ತಿದರೂ ಬರುವ ಉತ್ತರ ಇದೇ. ಇದು ಬರೀ ನೆಪ ಅಲ್ಲ. ದುಡಿಯುವವರ ದಿನದಲ್ಲಿ ಖಾಲಿ ಗಂಟೆ ನಿಜಕ್ಕೂ ಕಡಿಮೆ. ಆದರೆ ಅಷ್ಟೇ ಬ್ಯುಸಿ ಇರುವ ಜನ ಕೆಲವು ಕಡೆ ತಪ್ಪದೆ ಜಿಮ್‌ಗೆ ಹೋಗ್ತಾರೆ. ವ್ಯತ್ಯಾಸ ಎಲ್ಲಿದೆ?

ಎಷ್ಟು ಮಾಡಬೇಕು?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು. ದಿನಕ್ಕೆ ಲೆಕ್ಕ ಹಾಕಿದರೆ 22 ನಿಮಿಷವೂ ಆಗಲ್ಲ. ಆದರೂ 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನ ಸಾಕಷ್ಟು ದೈಹಿಕ ಚಟುವಟಿಕೆ ಮಾಡುತ್ತಿರಲಿಲ್ಲ. ಗಂಡಸರಲ್ಲಿ ಇದು ಶೇ 42, ಹೆಂಗಸರಲ್ಲಿ ಶೇ 57. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ವರದಿ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಸಕ್ಕರೆ ಕಾಯಿಲೆ ದೊಡ್ಡ ಊರಿನ ರೋಗ ಅನ್ನುವ ಕಾಲ ಮುಗಿದಿದೆ.

ಇದು ನಮಗೆ ಹೊಸದಾ?

ಖಂಡಿತ ಅಲ್ಲ. ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ (1126–1138) ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ ಅಂತಲೇ ಒಂದು ಭಾಗವಿದೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವುದು, ಅವರು ಮಾಡಬೇಕಾದ ಕಸರತ್ತು, ಅರಮನೆಯಿಂದ ಕೊಡಬೇಕಾದ ಬೇಳೆ, ಮಾಂಸ, ಹಾಲು, ಸಕ್ಕರೆ, ಎಲ್ಲವೂ ಅದರಲ್ಲಿದೆ. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ವರ್ಕೌಟ್ ಪ್ಲ್ಯಾನ್, ಡಯಟ್ ಚಾರ್ಟ್ ಎರಡೂ.

ನಮ್ಮ ಕಡೆಯ ತಾಲೀಮು, ಅಂದರೆ ಗರಡಿ ಮನೆ, ಅದೇ ಪರಂಪರೆಯದು. ಕೆಂಪು ಮಣ್ಣಿನ ಅಖಾಡ, ಗೋಡೆಯಲ್ಲಿ ಹನುಮಂತ, ದಂಡ-ಬೈಠಕ್ ಎಣಿಸುವ ಉಸ್ತಾದ. ಉಪಕರಣ ತೀರಾ ಕಡಿಮೆ, ಶಿಸ್ತು ಜಾಸ್ತಿ. ಒಂದು ದಿನ ತಪ್ಪಿಸಿದರೆ ‘ನಿನ್ನೆ ಯಾಕ ಬರಲಿಲ್ಲೋ?’ ಅಂತ ಕೇಳುವ ಒಬ್ಬರು ಅಲ್ಲಿರುತ್ತಿದ್ದರು. ಅದರ ಕೊರತೆಯನ್ನೂ ಮುಚ್ಚಿಡಬಾರದು. ಸಾಂಪ್ರದಾಯಿಕ ಗರಡಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗವೇ ಇರಲಿಲ್ಲ.

ಮೆಂಬರ್‌ಶಿಪ್ ಯಾಕೆ ಸೋಲುತ್ತೆ?

ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ 2006ರಲ್ಲಿ ಅಮೆರಿಕದ ಜಿಮ್‌ಗಳ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರ್‌ಗಿಂತ ಹೆಚ್ಚು ಕಟ್ಟಿದವರು ಸರಾಸರಿ ನಾಲ್ಕೈದು ಸಲ ಮಾತ್ರ ಹೋಗುತ್ತಿದ್ದರು. ಒಂದು ಭೇಟಿಗೆ 17 ಡಾಲರ್‌ಗಿಂತ ಹೆಚ್ಚು ಬಿದ್ದಂತಾಯಿತು. 10 ಭೇಟಿಗಳ ಪಾಸ್ ಕೊಂಡಿದ್ದರೆ 10 ಡಾಲರ್‌ಗೇ ಮುಗಿಯುತ್ತಿತ್ತು. ನಾಳೆಯಿಂದ ಪಕ್ಕಾ ಹೋಗ್ತೀನಿ ಅನ್ನುವ ನಮ್ಮ ನಂಬಿಕೆಯೇ ಹಲವು ಜಿಮ್‌ಗಳ ಬಂಡವಾಳ. ದುಡ್ಡು ಕಟ್ಟಿ ಬಾರದ ಸದಸ್ಯ ಮಾಲೀಕರಿಗೆ ಲಾಭ. ಸಂಸ್ಕೃತಿ ಬೆಳೆಯುವುದು ಮಾತ್ರ ಬರುವವರಿಂದ.

ಬ್ಯುಸಿ ಜನ ಬರಬೇಕಂದ್ರೆ

*ಗಡಿಯಾರ:* 45 ನಿಮಿಷದ ಬ್ಯಾಚ್, ಶುರು ಮತ್ತು ಮುಕ್ತಾಯ ಎರಡೂ ಕರಾರುವಾಕ್ಕು. ಸಮಯಕ್ಕೆ ಬೆಲೆ ಕೊಡುವವರು ಸಮಯ ಉಳಿಸುವ ಜಾಗಕ್ಕೇ ಬರ್ತಾರೆ. ಶಿಫ್ಟ್‌ನವರಿಗೆ ರಾತ್ರಿ ಬ್ಯಾಚ್, ಏಪ್ರಿಲ್-ಮೇ ಬಿಸಿಲಲ್ಲಿ ನಸುಕಿನ ಬ್ಯಾಚ್.

*ಅಳತೆ:* ಸಾಧಿಸುವ ಹಟ ಇರುವವರಿಗೆ ಅಂಕಿ ಬೇಕು. ಹೋದ ತಿಂಗಳು ಎಷ್ಟು ಭಾರ, ಈ ತಿಂಗಳು ಎಷ್ಟು? ಒಂದು ನೋಟ್‌ಬುಕ್ ಸಾಕು. ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆ ತಯಾರಾಗುವವರಿಗಂತೂ ಇದು ಬದುಕಿನ ಪ್ರಶ್ನೆ.

*ಸಂಗಡಿಗರು:* ವೈದ್ಯೆ, ಮೇಷ್ಟ್ರು, ಅಡತ್ ವ್ಯಾಪಾರಿ, ಕಾಲೇಜು ಹುಡುಗ ಒಂದೇ ಬ್ಯಾಚ್‌ನಲ್ಲಿ ಬೆವರು ಹರಿಸಿದರೆ ಬಿಟ್ಟುಹೋಗುವುದು ಕಷ್ಟ. ಜಾತಿ-ಕಸುಬು ಬದಿಗಿಟ್ಟು ಎಲ್ಲರೂ ಒಟ್ಟಿಗೆ ಕೂತ ಅನುಭವ ಮಂಟಪದ ನೆನಪಿರುವ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

*ಹೆಣ್ಣುಮಕ್ಕಳು:* ‘ಲೇಡೀಸ್ ಟೈಮ್’ ಅಂತ ಮಧ್ಯಾಹ್ನದ ಒಂದು ಗಂಟೆ ಕೊಟ್ಟು ಕೈತೊಳೆದುಕೊಂಡರೆ ಆಗಲ್ಲ. ಕೆಲಸಕ್ಕೆ ಹೋಗುವ ಹೆಣ್ಣಿಗೆ ಬೇಕಿರುವುದು ಬೆಳಗಿನ ಮತ್ತು ಸಂಜೆಯ ಸಮಯ, ಮಹಿಳಾ ತರಬೇತುದಾರರು, ಮನೆಗೆ ಮರಳುವ ದಾರಿಯಲ್ಲಿ ಬೀದಿದೀಪ.

*ಸುರಕ್ಷತೆ:* 2021ರ ಅಕ್ಟೋಬರ್ 29ರಂದು 46ರ ಹರೆಯದ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಿಮ್ ಅಂದರೇ ಭಯ ಹುಟ್ಟಿತ್ತು. ಭಯಕ್ಕೆ ಮದ್ದು ಜಿಮ್ ಬಿಡುವುದಲ್ಲ. ಸೇರುವ ಮುಂಚೆ ಬಿಪಿ, ಶುಗರ್ ನೋಡಿಸಿ. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ವೈದ್ಯರ ಚೀಟಿ ಇಲ್ಲದೆ ಸ್ಟೀರಾಯ್ಡ್ ಕೊಡುವ ಜಾಗದಿಂದ ದೂರ ಇರಿ.

ದುಡ್ಡಿನ ರಾಜಕೀಯ

2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ನಿಮ್ಮ ಜಿಮ್ ಜಿಎಸ್‌ಟಿ ಹಾಕುತ್ತಿದ್ದರೆ ಬಿಲ್ ನೋಡಿ, ಕೇಳಿ.

ದೊಡ್ಡ ಪ್ರಶ್ನೆ ಸರ್ಕಾರದ್ದು. 371(ಜೆ) ವಿಧಿಯ ಹಿನ್ನೆಲೆಯಲ್ಲಿ ರೂಪುಗೊಂಡ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್‌ನಲ್ಲಿ ಘೋಷಿಸಿದ್ದು 5,000 ಕೋಟಿ ರೂಪಾಯಿ. ಈ ಹಣದಲ್ಲಿ ಯಂತ್ರ ಕೊಳ್ಳುವುದು ಸುಲಭ. ಟೆಂಡರ್ ಆಗುತ್ತೆ, ರಿಬ್ಬನ್ ಕತ್ತರಿಸಬಹುದು, ಫೋಟೋ ಬರುತ್ತೆ. ತರಬೇತುದಾರರ ಸಂಬಳ ಹಾಗಲ್ಲ. ಅದು ಪ್ರತಿ ತಿಂಗಳ ಬಾಧ್ಯತೆ, ಅದಕ್ಕೆ ಉದ್ಘಾಟನೆಯೇ ಇಲ್ಲ. ಹಾಗಾಗಿ ಮುಂದಿನ ಸಲ ನಿಮ್ಮ ಶಾಸಕರು ‘ಊರಿಗೆ ಜಿಮ್ ಕೊಡಿಸ್ತೀನಿ’ ಅಂದಾಗ ಟ್ರೆಡ್‌ಮಿಲ್ ಎಷ್ಟು ಅಂತ ಕೇಳಬೇಡಿ.

ಉಸ್ತಾದ ಯಾರು, ಅವರ ಸಂಬಳ ಯಾವ ಲೆಕ್ಕದಿಂದ ಅಂತ ಕೇಳಿ.