ಹೊಸಬರ ಪ್ರಶ್ನೆ, ಹಳಬರ ತಾಳ್ಮೆ

‘ನನ್ನ ಕಂಪ್ಯೂಟರ್ ಕೆಲಸ ಮಾಡುತ್ತಿಲ್ಲ, ಯಾರಾದರೂ ಸಹಾಯ ಮಾಡಿ’ ಎಂದು ಮುಖ ಕಾಣದ ಜನರಿಗೆ ಬರೆದು ಉತ್ತರಕ್ಕಾಗಿ ಕಾದು ಕೂರುವ ಪರಿಪಾಠಕ್ಕೆ ನಾಲ್ಕು ದಶಕಗಳಿಗೂ ಮೀರಿದ ಇತಿಹಾಸವಿದೆ. ಮೇಲುನೋಟಕ್ಕೆ ಸರಳವಾಗಿ ಕಾಣುವ ಈ ವ್ಯವಹಾರದಲ್ಲಿ ಆರಂಭದಿಂದಲೂ ಒಂದು ತೊಡಕಿದೆ. ‘ಮೈಗೆ ಹುಷಾರಿಲ್ಲ’ ಎಂದಷ್ಟೇ ಹೇಳುವ ರೋಗಿಯ ನಾಡಿ ಹಿಡಿದು, ನಾಲಿಗೆ ನೋಡಿ ವೈದ್ಯರು ಮುಂದುವರಿಯಬಹುದು. ಇಲ್ಲಿ ರೋಗಿ ಒಂದು ಖಂಡದಲ್ಲಿ, ವೈದ್ಯ ಇನ್ನೊಂದರಲ್ಲಿ. ನಡುವೆ ಇರುವುದು ಅಕ್ಷರ ಮಾತ್ರ. ಯಾವ ಭಾಗಕ್ಕೆ ಏನು ಹೆಸರೆಂದು ತಿಳಿಯದವರೇ ಕಾಯಿಲೆಯನ್ನು ಬಣ್ಣಿಸಬೇಕು. ಸರಿಯಾಗಿ ಬಣ್ಣಿಸಲು ಬರುವಂತಿದ್ದರೆ ಅರ್ಧ ಸಮಸ್ಯೆಯನ್ನು ಅವರೇ ಬಗೆಹರಿಸಿಕೊಳ್ಳುತ್ತಿದ್ದರು!

1978ರ ಜನವರಿಯಲ್ಲಿ ಅಮೆರಿಕದ ಷಿಕಾಗೊ ನಗರ ಭಾರೀ ಹಿಮಪಾತದಿಂದ ಸ್ತಬ್ಧವಾಗಿತ್ತು. ಆ ದಿನಗಳಲ್ಲಿ ವಾರ್ಡ್ ಕ್ರಿಸ್ಟೆನ್‌ಸನ್ ಮತ್ತು ರ‍್ಯಾಂಡಿ ಸ್ಯೂಸ್ ಎಂಬ ಇಬ್ಬರು ಹವ್ಯಾಸಿಗಳಿಗೆ ತಮ್ಮ ಕಂಪ್ಯೂಟರ್ ಸಂಘದ ಸೂಚನಾ ಫಲಕವನ್ನು ದೂರವಾಣಿ ತಂತಿಯ ಮೇಲೆ ತರುವ ಯೋಚನೆ ಹೊಳೆಯಿತು. ಫೆಬ್ರುವರಿ 16ರಂದು ಅದು ಬಳಕೆಗೆ ಬಂತು. ಒಮ್ಮೆಗೆ ಒಬ್ಬರು ಮಾತ್ರ ಮೋಡೆಮ್ ಮೂಲಕ ಕರೆ ಮಾಡಿ, ಹಿಂದಿನವರು ಬಿಟ್ಟುಹೋದ ಸಂದೇಶಗಳನ್ನು ಓದಿ, ತಮ್ಮದನ್ನು ಬರೆದು ಜಾಗ ಖಾಲಿ ಮಾಡಬೇಕಿತ್ತು. ಆ ಕಾಲದ ಮನೆ ಕಂಪ್ಯೂಟರುಗಳನ್ನು ಹಲವರು ಬಿಡಿಭಾಗಗಳನ್ನು ತರಿಸಿ ತಾವೇ ಬೆಸುಗೆ ಹಾಕಿ ಜೋಡಿಸಿಕೊಂಡಿದ್ದರು. ಹೀಗಾಗಿ ಕೇಳುವವರಿಗೂ ಹೇಳುವವರಿಗೂ ಅಂಥ ಅಂತರವೇನೂ ಇರಲಿಲ್ಲ.

ಅಂತರ ಹುಟ್ಟಿದ್ದು ಯೂಸ್‌ನೆಟ್ ಬೆಳೆದಾಗ. ಡ್ಯೂಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ರೂಪಿಸಿದ ಈ ವ್ಯವಸ್ಥೆಯಲ್ಲಿ, ಒಂದು ಕಂಪ್ಯೂಟರಿನಲ್ಲಿ ಬರೆದ ಸಂದೇಶ ಊರಿಂದೂರಿಗೆ ನಕಲಾಗುತ್ತಾ ಸಾಗುತ್ತಿತ್ತು. ವಿಷಯಕ್ಕೊಂದು ಗುಂಪು. ಅಲ್ಲಿ ಹಲವು ಒಳ್ಳೆಯ ಕಟ್ಟಳೆಗಳು ಬೆಳೆದವು. ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಕೇಳಿದವರಿಗೆ ಖಾಸಗಿಯಾಗಿ ಬರೆಯಬೇಕು. ಕೇಳಿದವರು ಬಂದ ಉತ್ತರಗಳ ಸಾರವನ್ನು ಗುಂಪಿನ ಮುಂದಿಡಬೇಕು. ಸಹಾಯ ಪಡೆದವರ ಮೇಲೂ ಒಂದು ಹೊಣೆ ಹೊರಿಸುವ ಏರ್ಪಾಡು ಇದು.

ಆದರೆ ಅಂದಿನ ಡಿಸ್ಕುಗಳಲ್ಲಿ ಜಾಗ ಕಡಿಮೆ. ಸಂದೇಶಗಳು ಕೆಲ ದಿನ ಅಥವಾ ವಾರಗಳಲ್ಲಿ ಅಳಿಸಿಹೋಗುತ್ತಿದ್ದವು. ಆಮೇಲೆ ಬಂದವರು ಅದೇ ಪ್ರಶ್ನೆ ಕೇಳುವುದರಲ್ಲಿ ತಪ್ಪೇನಿತ್ತು? ಅವರಿಗದು ಮೊದಲ ಸಲ, ಹಳಬರಿಗೆ ಐವತ್ತನೆಯ ಸಲ. ಈ ಬಳಲಿಕೆಯಿಂದಲೇ ‘ಪದೇ ಪದೇ ಕೇಳಲಾಗುವ ಪ್ರಶ್ನೆಗಳು’, ಅಂದರೆ ಎಫ್‌ಎಕ್ಯೂ ಎಂಬ ಬರಹಪ್ರಕಾರ ಮೂಡಿತು. ಹೆಸರು ಬಂದದ್ದು ನಾಸಾದ ಯೂಜೀನ್ ಮಿಯಾ 1980ರ ದಶಕದ ಆರಂಭದಲ್ಲಿ ಬಾಹ್ಯಾಕಾಶದ ಚರ್ಚಾಗುಂಪಿಗೆ ಹಾಕುತ್ತಿದ್ದ ಪಟ್ಟಿಯಿಂದ. ಇಂದು ಬ್ಯಾಂಕು, ವಿಮಾ ಕಂಪನಿಗಳೆಲ್ಲ ಬಳಸುವ ಈ ಪದದ ಹಿಂದೆ ಹೇಳಿ ಹೇಳಿ ಸುಸ್ತಾದ ಮನುಷ್ಯರಿದ್ದಾರೆ. ಇದರ ಒರಟು ಸೋದರನೊಬ್ಬನೂ ಹುಟ್ಟಿಕೊಂಡ: ‘ಆರ್‌ಟಿಎಫ್‌ಎಂ’. ‘ಕೈಪಿಡಿ ಓದು’ ಎಂಬ ಈ ನಾಲ್ಕಕ್ಷರದ ಆಜ್ಞೆಯ ಮೂರನೆಯ ಅಕ್ಷರ ಯಾವ ಪದವನ್ನು ಸೂಚಿಸುತ್ತದೆಂಬುದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಪ್ರತಿ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾಲೇಜುಗಳಿಗೆ ಹೊಸ ವಿದ್ಯಾರ್ಥಿಗಳು ಸೇರಿದಾಗ ಯೂಸ್‌ನೆಟ್‌ನಲ್ಲಿ ಗದ್ದಲವೇಳುತ್ತಿತ್ತು. ಒಂದೆರಡು ತಿಂಗಳಲ್ಲಿ ಅವರು ರೀತಿನೀತಿ ಕಲಿತು ಹಳಬರಾಗುತ್ತಿದ್ದರು. 1993-94ರ ಸುಮಾರಿಗೆ ಅಮೆರಿಕಾ ಆನ್‌ಲೈನ್‌ನಂಥ ವಾಣಿಜ್ಯ ಸಂಸ್ಥೆಗಳು ತಮ್ಮ ಚಂದಾದಾರರಿಗೆ ಇದರ ಬಾಗಿಲು ತೆರೆದವು. ಹೊಸಬರ ಪ್ರವಾಹ ನಿಲ್ಲಲೇ ಇಲ್ಲ. ಹಳಬರು ಇದನ್ನು ‘ಮುಗಿಯದ ಸೆಪ್ಟೆಂಬರ್’ ಎಂದು ಹಳಿದರು. ಅವರ ಸಂಕಟ ನಿಜವಾದರೂ ಸಿಟ್ಟು ಅಷ್ಟು ನ್ಯಾಯವಾದದ್ದಲ್ಲ. ವಿಶ್ವವಿದ್ಯಾನಿಲಯದಲ್ಲಿ ಪಕ್ಕದ ಮೇಜಿನವರನ್ನು ಕೇಳುವ ಅನುಕೂಲ ಅವರಿಗಿತ್ತು. ಮನೆಯಲ್ಲಿ ಒಬ್ಬರೇ ಕಂಪ್ಯೂಟರ್ ಮುಂದೆ ಕುಳಿತವರಿಗೆ ಪಕ್ಕದ ಮೇಜು ಎಲ್ಲಿಂದ ಬರಬೇಕು?

ಭಾರತದಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಒದಗಿಸಿದಾಗ ಈ ತೊಡಕಿಗೆ ಹಣದ ಲೆಕ್ಕವೂ ಸೇರಿತು. ಸಂಪರ್ಕವನ್ನು ಗಂಟೆಗಳ ಲೆಕ್ಕದಲ್ಲಿ ಕೊಳ್ಳಬೇಕು. ಅದರ ಮೇಲೆ ದೂರವಾಣಿ ಬಿಲ್ಲು ಬೇರೆ. ಹೀಗಿರುವಾಗ ‘ಹೋಗಿ ಕೈಪಿಡಿ ಓದು’ ಎಂಬ ಉತ್ತರ ಬರೀ ಅವಮಾನವಲ್ಲ, ಖರ್ಚೂ ಹೌದು.

ಕೇಳುವ ಕಲೆಯನ್ನೇ ಕಲಿಸಲು ಹೊರಟವರೂ ಇದ್ದಾರೆ. ಬ್ರಿಟನ್ನಿನ ಸೈಮನ್ ಟ್ಯಾಥಮ್ 1999ರಲ್ಲಿ ಬರೆದ ಪ್ರಬಂಧದ ತಿರುಳು ಸರಳ: ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬುದನ್ನು ಹೇಳಿ; ‘ಕೆಲಸ ಮಾಡುತ್ತಿಲ್ಲ’ ಎನ್ನಬೇಡಿ. ಎರಿಕ್ ರೇಮಂಡ್ 2001ರಲ್ಲಿ ಬರೆದ ಬಿಗಿ ದನಿಯ ಮಾರ್ಗದರ್ಶಿ ಇನ್ನೂ ಪ್ರಸಿದ್ಧ. ತಮಾಷೆಯೆಂದರೆ, ಅನೇಕ ತಂತ್ರಾಂಶ ತಂಡಗಳು ಹೊಸಬರಿಗೆ ಇದನ್ನು ಓದಲು ಸೂಚಿಸಿದಾಗ, ಹೊಸಬರು ಆ ತಂತ್ರಾಂಶಗಳ ತೊಂದರೆಯನ್ನು ಮಾರ್ಗದರ್ಶಿ ಬರೆದವರಿಗೇ ಕಳಿಸತೊಡಗಿದರು. ‘ನಾವು ನಿಮ್ಮ ಸಹಾಯವಾಣಿ ಅಲ್ಲ’ ಎಂದು ಅದರ ಆರಂಭದಲ್ಲೇ ಎಚ್ಚರಿಕೆ ಹಾಕಬೇಕಾಯಿತು.

ಒಳ್ಳೆಯ ಮನಸ್ಸಿನಿಂದ ಕೊಟ್ಟ ಸಲಹೆಯೇ ಕಾಯಿಲೆಯಾದದ್ದೂ ಉಂಟು. 2002ರಲ್ಲಿ ಜಗತ್ತಿನ ಹಲವೆಡೆ ಒಂದು ಇ-ಮೇಲ್ ಹರಿದಾಡಿತು. ನಿಮ್ಮ ಕಂಪ್ಯೂಟರಿನಲ್ಲಿ ಪುಟ್ಟ ಕರಡಿ ಮರಿಯ ಚಿತ್ರವಿರುವ ಕಡತವಿದೆಯೇ ಹುಡುಕಿ. ಇದ್ದರೆ ಅದು ವೈರಸ್, ತಕ್ಷಣ ಅಳಿಸಿ, ಸ್ನೇಹಿತರಿಗೂ ತಿಳಿಸಿ ಎಂಬುದು ಅದರ ಒಕ್ಕಣೆ. ಹುಡುಕಿದವರಿಗೆ ಕರಡಿ ಸಿಕ್ಕೇ ಸಿಕ್ಕಿತು, ಏಕೆಂದರೆ ಅದು ವಿಂಡೋಸ್ ಜೊತೆಗೇ ಬರುತ್ತಿದ್ದ, ಜಾವಾ ಕ್ರಮವಿಧಿಗಳ ದೋಷ ಪತ್ತೆಗೆ ಸಂಬಂಧಿಸಿದ ನಿರಪಾಯಕಾರಿ ಕಡತ. ಹೇಳಿದ ಜಾಗದಲ್ಲೇ ಸಿಕ್ಕಿದ್ದರಿಂದ ನಂಬಿಕೆ ಇನ್ನೂ ಗಟ್ಟಿಯಾಗಿ, ಜನ ತಾವೂ ಅಳಿಸಿ ಬಂಧುಮಿತ್ರರಿಗೂ ಎಚ್ಚರಿಕೆ ಕಳಿಸಿದರು. ಕಂಪ್ಯೂಟರಿನೊಳಗೆ ವೈರಸ್ ಇರಲೇ ಇಲ್ಲ. ಸೋಂಕು ಹರಡಿದ್ದು ಕಾಳಜಿಯ ಮೂಲಕ. ಅಳಿಸಿದ ಕಡತವನ್ನು ಮತ್ತೆ ಪಡೆಯುವುದು ಹೇಗೆಂದು ವಿವರಿಸುವ ಕೆಲಸ ಬಲ್ಲವರ ಪಾಲಿಗೆ ಬಂತು.

ಕನ್ನಡಿಗರ ಪಾಲಿಗೆ ಇದೇ ಕಾಲದ ದೊಡ್ಡ ಪ್ರಶ್ನೆ ಬೇರೆ: ‘ಕನ್ನಡ ಇರಬೇಕಾದಲ್ಲಿ ಚೌಕಗಳು ಕಾಣುತ್ತಿವೆ, ಏನು ಮಾಡಲಿ?’ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡಕ್ಕಾಗಿ ‘ತುಂಗಾ’ ಎಂಬ ಅಕ್ಷರಶೈಲಿಯಿತ್ತು. ಆದರೆ ಸಾಮಾನ್ಯವಾಗಿ ಅದು ತಾನಾಗಿ ತೆರೆದುಕೊಳ್ಳುತ್ತಿರಲಿಲ್ಲ. ಭಾಷೆಗಳ ಆಯ್ಕೆಗೆ ಹೋಗಿ, ಸಂಕೀರ್ಣ ಲಿಪಿಗಳ ಸೌಲಭ್ಯಕ್ಕೆ ಗುರುತು ಹಾಕಿ, ಮೂಲ ಸಿ.ಡಿ.ಯನ್ನು ತೂರಿಸಬೇಕಿತ್ತು. ಅಂಗಡಿಯವರು ಸಿ.ಡಿ. ಕೊಡದಿದ್ದ ಮನೆಗಳಲ್ಲಿ ಕಷ್ಟ ಅಲ್ಲಿಗೇ ನಿಂತಿತು. ಕೆಲವರಿಗೆ ಅಕ್ಷರ ಕಂಡರೂ ಒತ್ತಕ್ಷರ ಪಕ್ಕಕ್ಕೆ ಜಾರಿ ಕೂರುತ್ತಿತ್ತು. ಪರಿಹಾರವನ್ನು ಕನ್ನಡದಲ್ಲಿ ಬರೆದರೆ ಬೇಕಾದವರಿಗೆ ಅದೂ ಚೌಕಗಳಾಗಿಯೇ ಕಾಣುವುದು! ಕನ್ನಡ ಓದುವ ದಾರಿಯನ್ನು ಇಂಗ್ಲಿಷಿನಲ್ಲಿ ಹೇಳದೆ ವಿಧಿಯಿರಲಿಲ್ಲ. ಮನೆಯಲ್ಲಿ ಕನ್ನಡ ಮಾತ್ರ ಬಲ್ಲ ಹಿರಿಯರಿಗೆ ಮಕ್ಕಳೋ ಮೊಮ್ಮಕ್ಕಳೋ ಓದಿ ಹೇಳಬೇಕಾಗುತ್ತಿತ್ತು.

2008ರಲ್ಲಿ ಕ್ರಮವಿಧಿಕಾರರಿಗಾಗಿ ಬಂದ ಸ್ಟ್ಯಾಕ್ ಓವರ್‌ಫ್ಲೋ, ಮರುವರ್ಷ ಸಾಮಾನ್ಯ ಕಂಪ್ಯೂಟರ್ ಬಳಕೆದಾರರಿಗಾಗಿ ಅದರ ಬಳಗದಿಂದಲೇ ಬಂದ ಸೂಪರ್ ಯೂಸರ್, ಒಳ್ಳೆಯ ಉತ್ತರಕ್ಕೆ ಅಂಕ ಕೊಡುವ ಪದ್ಧತಿ ತಂದವು. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳಿದರೆ ಹಳೆಯ ಉತ್ತರದತ್ತ ಬೆರಳು ತೋರಿ ಪ್ರಶ್ನೆಯನ್ನು ಮುಚ್ಚಲಾಗುತ್ತದೆ. ಶಿಸ್ತು ಬಂತು, ಹೊಸಬರ ಅಂಜಿಕೆಯೂ ಹೆಚ್ಚಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಹೊಸ ಪ್ರಶ್ನೆಗಳು ತೀವ್ರವಾಗಿ ಕುಸಿದವು. ಯಂತ್ರ ಗದರುವುದಿಲ್ಲ, ಐವತ್ತನೆಯ ಸಲ ಕೇಳಿದರೂ ಬೇಸರಿಸುವುದಿಲ್ಲ. ಆದರೆ ಅದು ಕಲಿತದ್ದರಲ್ಲಿ ಒಂದು ಪಾಲು ಹೀಗೆ ಬಹಿರಂಗವಾಗಿ ಬರೆದಿಟ್ಟ ಸವಾಲು-ಜವಾಬುಗಳಿಂದಲೇ. ಯಂತ್ರದೊಡನೆ ನಡೆಯುವ ಮಾತುಕತೆ ಕೇಳಿದವರ ಪರದೆಯಲ್ಲೇ ಉಳಿಯುತ್ತದೆ. ನಾಳೆ ಅದೇ ತೊಂದರೆಗೆ ಸಿಕ್ಕಿದವರಿಗೆ ಅದು ಸಾಮಾನ್ಯವಾಗಿ ಕಾಣಸಿಗುವುದಿಲ್ಲ.

ಯೂಸ್‌ನೆಟ್‌ನ ಹಳೆಯ ಸಂದೇಶಗಳು ಪೂರ್ತಿ ಅಳಿಯದೆ ಉಳಿದದ್ದಕ್ಕೆ ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿದ್ದ ಹೆನ್ರಿ ಸ್ಪೆನ್ಸರ್ ಮುಖ್ಯ ಕಾರಣ. 1981ರಿಂದ 1991ರವರೆಗಿನ ಸಂದೇಶಗಳನ್ನು ಅವರು 141 ಟೇಪುಗಳಲ್ಲಿ ಕೂಡಿಟ್ಟಿದ್ದರು. ಅವು 2001ರಲ್ಲಿ ಗೂಗಲ್‌ನ ಸಂಗ್ರಹಕ್ಕೆ ಸೇರಿದವು. ಗೂಗಲ್ 2024ರ ಫೆಬ್ರುವರಿಯಲ್ಲಿ ಯೂಸ್‌ನೆಟ್‌ನ ಹೊಸ ಸಂದೇಶಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿದ್ದು, ಹಳೆಯವನ್ನು ಓದಲು ಮಾತ್ರ ಉಳಿಸಿಕೊಂಡಿದೆ.